ಸೀಗಡಿ ಲಾರಿಯಲ್ಲಿ ಜೋಳ ಮೊಳೆಸಿದ ಶಂಕ್ರಮ್ಮ

ವಿಜಯವಾಡದ ಮೇ ತಿಂಗಳಲ್ಲಿ, ಇಂದ್ರಕೀಲಾದ್ರಿಯ ಬಂಡೆಗಳು ಕಾದು ಊರಿಗೆಲ್ಲ ಝಳ ಹೊಡೆಯುವಾಗ, ಉಲ್ಲನ್ ಸ್ವೆಟರ್ ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿಕೊಂಡು ಆಟೋನಗರದ ಬಸ್ಸಿಗೆ ಕಾಯುತ್ತಿದ್ದ ಒಬ್ಬರೇ ಒಬ್ಬ ಹೆಂಗಸೆಂದರೆ ಶಂಕ್ರಮ್ಮ ಮೇಡಂ. "ಜ್ವರಮಾ ಅಮ್ಮಾ?" ಎಂದು ಕಂಡಕ್ಟರ್ ಮರುಗುತ್ತಿದ್ದ. "ಇಲ್ಲಪಾ, ನೌಕರಿ" ಎನ್ನುತ್ತಿದ್ದರು ಇವರು, ಅಚ್ಚ ಬಿಜಾಪುರದ ಕನ್ನಡದಲ್ಲಿ. ಸ್ವೆಟರನ್ನು ಕೈಯಲ್ಲಿ ಹಿಡಿದುಕೊಂಡರೆ ಎಲ್ಲಿ ಬಸ್ಸಿನಲ್ಲೇ ಮರೆತುಬಿಡುತ್ತೇನೋ ಎಂಬ ಹೆದರಿಕೆ ಅವರಿಗೆ.

ಹೆದರಿಕೆ ಅವರ ಹುಟ್ಟುಗುಣ. ಬಸ್ಸು ಕೃಷ್ಣೆಯ ಬ್ಯಾರೇಜ್ ದಾಟುವಾಗ ಕಣ್ಣು ಮುಚ್ಚಿ ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು. ಹಲ್ಲಿ ಲೊಚಗುಟ್ಟಿದರೂ ಎದ್ದು ನಿಲ್ಲುತ್ತಿದ್ದರು. ನಾನೇನು ಶೂರಳಲ್ಲ, ಆದರೂ ಅವರ ಮುಂದೆ ಶೂರಳಂತೆ ಕಾಣುತ್ತಿದ್ದೆ. ನನ್ನಪ್ಪನಿಗೆ ಬ್ಯಾಂಕಿನಲ್ಲಿ ಮೈಸೂರಿನಿಂದ ಅಲ್ಲಿಗೆ ವರ್ಗವಾಗಿತ್ತು. ಎಂಬತ್ತರ ದಶಕದ ಕೊನೆಯ ಮಾತು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ನೊಣ ಹೊಡೆಯುತ್ತಿದ್ದ ನನ್ನನ್ನು, ಕನ್ನಡ ಮಾತಾಡುವ ಹುಡುಗಿ ಎಂಬ ಒಂದೇ ಕಾರಣಕ್ಕೆ ಮೇಡಂ ಸಹಾಯಕಿಯಾಗಿ ತೆಗೆದುಕೊಂಡರು.

ಒಂದು ಬೀಜದ ಕಂಪನಿಯಲ್ಲಿ ಅವರು ಜೋಳದ ಹೊಸ ತಳಿ ಮಾಡುತ್ತಿದ್ದರು. ಅವರ ಕಡೆ ಹಿಂಗಾರಿ ಬಿತ್ತನೆ ತಡವಾದರೆ ನೆಲ ತಣ್ಣಗಾಗಿ, ಕಾಳು ಮೊಳೆಯದೆ ಮಣ್ಣಿನಲ್ಲೇ ಕೊಳೆಯುತ್ತದಂತೆ. ವಿಶಾಖಪಟ್ಟಣದ ಹಿಂದಿನ ಬೆಟ್ಟಗಳಲ್ಲಿ ಅಲೆದು, ಚಳಿಗೆ ಜಗ್ಗದೆ ಮೊಳೆಯುವ ಜೋಳ ತಂದು, ಬಿಜಾಪುರದ ಬಿಳಿಜೋಳದೊಂದಿಗೆ ಸಂಕರ ಮಾಡಿದ್ದರು. ಹುಟ್ಟಿದ ಕಾಳನ್ನು ಚಳಿಯಲ್ಲಿಟ್ಟು, ಮೊಳೆತದ್ದನ್ನು ಮಾತ್ರ ಉಳಿಸಿಕೊಳ್ಳಬೇಕು. ವಿಜಯವಾಡದಲ್ಲಿ ಚಳಿ ಎಲ್ಲಿಂದ ತರೋಣ? ವಿಶಾಖಪಟ್ಟಣ ಬಂದರಿಗೆ ಸೀಗಡಿ ಸಾಗಿಸುತ್ತಿದ್ದ ಗುಜರಿ ಲಾರಿಯೊಂದರ ತಂಪುಡಬ್ಬ ಕೊಂಡು, ಆಟೋನಗರದ ನಮ್ಮ ಶೆಡ್ಡಿನ ಹಿಂದೆ ಇಟ್ಟಿಗೆಯ ಮೇಲೆ ಕೂರಿಸಿ, ಕಂಪ್ರೆಸರ್ ಹಾಕಿಸಿದ್ದರು. ಎಷ್ಟು ತೊಳೆದರೂ ಸೀಗಡಿ ನಾತ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮೇಡಂ ಮೂಗಿಗೆ ಸೆರಗು ಒತ್ತಿಕೊಂಡೇ ಒಳಹೋಗುತ್ತಿದ್ದರು.

ಅವರು ಎಲ್ಲಕ್ಕಿಂತ ಹೆದರುತ್ತಿದ್ದುದು ಕರೆಂಟಿಗೆ. ಎಲ್ಲಿ ಕೂತರೂ ಕಣ್ಣು ಫ್ಯಾನಿನ ಮೇಲೆ. ಒಮ್ಮೆ ಇಡೀ ದಿನ ಕರೆಂಟು ಹೋಗಿ ಡಬ್ಬ ಬೆಚ್ಚಗಾಯಿತು. ಮರುದಿನ ವಾಚ್‌ಮನ್ ಹಲ್ಲು ಕಿರಿಯುತ್ತ ಓಡಿಬಂದ: "ಅನ್ನೀ ಮೊಲಕೆತ್ತಾಯಮ್ಮಾ!" ಎಲ್ಲವೂ ಮೊಳೆತಿದ್ದವು. ಮೇಡಂ ನೆಲದ ಮೇಲೆ ಕುಸಿದು ಅತ್ತರು. "ಎಲ್ಲಾ ಹುಟ್ಟಿದ್ರ ಗಟ್ಟಿ ಯಾವುದು, ಜೊಳ್ಳು ಯಾವುದು? ಹ್ಯಾಂಗ ಆರಿಸ್ಲಿ ತಂಗಿ?" ಮತ್ತೆ ಒಂದು ವರ್ಷ ಬೆಳೆದು ಕಾಳು ಮಾಡಿಕೊಳ್ಳಬೇಕಾಯಿತು. ಈ ಹಂಗಾಮಿನಲ್ಲೂ ಏನೂ ತೋರಿಸದಿದ್ದರೆ ಕೆಲಸ ಬಂದ್ ಎಂದು ಕಂಪನಿಯವರು ಹೇಳಿಬಿಟ್ಟರು.

ಆ ಹಂಗಾಮಿನಲ್ಲೇ ಅದು ಆದದ್ದು. ಇದ್ದ ಕಾಳೆಲ್ಲ ಟ್ರೇಗಳಲ್ಲಿತ್ತು. ಮಧ್ಯಾಹ್ನ ಇಬ್ಬರೂ ಒಳಗಿದ್ದೆವು, ಬಾಗಿಲು ಒಂಚೂರು ಸರಿದಿತ್ತು. ಸಂದಿ ಬಿಟ್ಟರೆ ಚಳಿ ಸೋರುತ್ತದೆ ಎಂದು ಮೇಡಂ ವಾಚ್‌ಮನ್‌ಗೆ ತಲೆ ತಿಂದು ತಿಂದು ಕಲಿಸಿದ್ದರಲ್ಲ, ಊಟಕ್ಕೆ ಹೊರಟವನು, ನಾವು ಒಳಗಿರುವುದು ತಿಳಿಯದೆ, ಹೊರಗಿನಿಂದ ಚಿಲಕ ಹಾಕಿ ಹೋದ. ಒಳಗಿನ ಹಿಡಿ ಎಂದೋ ಮುರಿದಿತ್ತು. ಬಡಿದೆವು, ಕೂಗಿದೆವು. ಕಂಪ್ರೆಸರಿನ ಗದ್ದಲದಲ್ಲಿ ಯಾರಿಗೆ ಕೇಳಬೇಕು?

ನನಗೆ ಚಿಕ್ಕಂದಿನಿಂದ ಉಬ್ಬಸ. ಗುಳಿಗೆ ಹೊರಗೆ ಚೀಲದಲ್ಲಿತ್ತು. ತಣ್ಣನೆ ಗಾಳಿಗೆ ಎದೆ ಬಿಗಿಯಿತು, ಸುಯ್ ಸುಯ್ ಶುರುವಾಯಿತು.

"ಮೇಡಂ, ಉಸಿರು ಬರ್ತಿಲ್ಲ."

"ಹೆದರಬ್ಯಾಡವಾ, ಈಗ ಬರ್ತಾನ ಅಂವ."

ಸ್ವೆಟರ್ ಬಿಚ್ಚಿ ನನಗೆ ತೊಡಿಸಿದರು, ಮಫ್ಲರ್ ಸುತ್ತಿದರು. ಕಂಪ್ರೆಸರಿನ ತಂತಿ ಅವರ ತಲೆಯ ಮೇಲೇ ಹಾದುಹೋಗಿತ್ತು. ಅದನ್ನು ಕಿತ್ತರೆ ಗದ್ದಲ ನಿಲ್ಲುತ್ತದೆ, ನಮ್ಮ ಕೂಗು ಕೇಳುತ್ತದೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ತಂತಿ ನೋಡಿದರು, ಟ್ರೇ ನೋಡಿದರು, ನನ್ನನ್ನು ನೋಡಿದರು. ಮತ್ತೆ ಟ್ರೇ ನೋಡಿದರು. ಅಯ್ಯೋ ದೇವರೇ, ಅಂಥ ಭಯ ನನಗೆ ಇನ್ನೆಂದೂ ಆಗಿಲ್ಲ. ಚಳಿಯದಲ್ಲ, ಅವರು ಯಾವುದನ್ನು ಉಳಿಸಿಕೊಳ್ಳುತ್ತಾರೋ ಎಂಬ ಭಯ.

"ಇನ್ನೊಂದು ಸ್ವಲ್ಪ ತಡ್ಕೋತೀಯೇನು?" ಎಂದರು.

ತಲೆ ಆಡಿಸಲೂ ನನ್ನಿಂದಾಗಲಿಲ್ಲ. "ಯವ್ವಾ!" ಎಂದು ಚೀರಿ, ಮೇಡಂ ಎರಡೂ ಕೈಯಲ್ಲಿ ತಂತಿಗೆ ಜೋತುಬಿದ್ದರು. ಚಟಾರನೆ ಕಿಡಿ ಹಾರಿತು, ದೀಪವೂ ಹೋಯಿತು. ಕತ್ತಲಲ್ಲಿ ಅವರು ಬಾಗಿಲು ಗುದ್ದುವ ಸದ್ದಷ್ಟೇ ನೆನಪಿದೆ. ಪಕ್ಕದ ಶೆಡ್ಡಿನ ಲಾರಿ ಮೆಕ್ಯಾನಿಕ್ ಬಂದು ಚಿಲಕ ತೆಗೆದನಂತೆ.

ಕಂಪ್ರೆಸರ್ ಸುಟ್ಟುಹೋಗಿತ್ತು. ರಿಪೇರಿಯಾಗುವಷ್ಟರಲ್ಲಿ ಟ್ರೇ ತುಂಬ ಮೊಳಕೆ. ಕಂಪನಿ ಕೆಲಸ ನಿಲ್ಲಿಸಿತು. ಮೇಡಂ ವಿಶಾಖಪಟ್ಟಣಕ್ಕೆ ಹೋಗಿ, ಬಂದರಿನ ಗೋದಾಮಿನಲ್ಲಿ ಮೂಟೆಗಳಿಗೆ ಕೊಳವೆ ಚುಚ್ಚಿ ಧಾನ್ಯ ಪರೀಕ್ಷಿಸುವ ನೌಕರಿಗೆ ಸೇರಿದರು. ಸ್ವೆಟರ್ ಬೇಡದ ಕೆಲಸ.

ನನ್ನ ಮದುವೆಯಾಗಿ, ಮಗಳು ಹುಟ್ಟಿದ ಮೇಲೆ ಅವರ ಮನೆಗೆ ಹೋದೆ. ರೊಟ್ಟಿ ಬಡಿದು ಹಾಕಿದರು. ಮಗುವಿನ ಕೆನ್ನೆ ಹಿಂಡಿದರು. ತಡೆಯಲಾಗದೆ ಕೇಳಿಯೇಬಿಟ್ಟೆ, "ಆವತ್ತು ತಂತಿ ಕಿತ್ತಿದ್ದಕ್ಕೆ ಬೇಜಾರಾಗುತ್ತಾ ಮೇಡಂ?"

ಸುಳ್ಳು ಹೇಳುವ ಹೆಂಗಸಲ್ಲ ಅವರು. "ಆಗ್ತದವಾ. ದಿನಾ ಆಗ್ತದ," ಎಂದರು. ರೊಟ್ಟಿ ಮಗುಚಿ, "ನೀ ಹಿಂಗ ಬಂದು ಮುಂದ ಕೂತಾಗ ಆಗಂಗಿಲ್ಲ. ಬರ್ತಾ ಇರು," ಎಂದರು.

ಅವರಿರುವ ತನಕ ಹೋಗುತ್ತಲೇ ಇದ್ದೆ. ಪ್ರತಿ ಸಲವೂ ಬಾಗಿಲು ಬಡಿಯುವಾಗ ಹೆದರುತ್ತಿದ್ದೆ, ಇವತ್ತು ನನ್ನ ಮುಖ ನೋಡಿದ ಮೇಲೂ ಅವರಿಗೆ ಬೇಜಾರಾದರೆ ಏನು ಮಾಡಲಿ ಎಂದು.