ಹತ್ತನೇ ನಂಬರಿನ ಕ್ಯಾಮೆರಾ

"ದಾರಿ ಖಾಲಿ ಐತೆ ಕಣವ್ವ, ಓಗು," ಎಂದ ಸಿದ್ದರಾಜು, ಗುಂಡ್ಲುಪೇಟೆಯಿಂದ, ಫೋನಿನಲ್ಲಿ. ಪುಣಜನೂರಿನಲ್ಲಿ ಅವನ ತಾಯಿ ಮಹದೇವಮ್ಮ ಹಾಲಿನ ಕ್ಯಾನ್ ಹಿಡಿದು ಹಿತ್ತಲ ಬಾಗಿಲು ತೆಗೆದರು.

ಹಲಸಿನ ಮರದ ಕೆಳಗೆ ಆನೆ. ಹತ್ತು ಹೆಜ್ಜೆ ದೂರ, ಅಷ್ಟೇ.

ನಾನು ಅವರ ಬೆನ್ನ ಹಿಂದೆಯೇ ಇದ್ದೆ. ಸೆರಗು ಹಿಡಿದು ಒಳಗೆಳೆದು ಬಾಗಿಲು ಹಾಕಿದೆ. ಕ್ಯಾನ್ ಉರುಳಿತು. ಬಾಗಿಲನ್ನು ಆಚೆಯಿಂದ ಏನೋ ಮೆಲ್ಲಗೆ ಒತ್ತಿತು (ಆ ಸದ್ದು ಈಗಲೂ ಕಿವಿಯಲ್ಲಿದೆ). ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಹೋಯಿತು.

"ಯಾಕ್ಲಾ ಮಗ ಇಂಗ್ ನಡುಗ್ತಿದ್ದೀಯ? ಆನೆ ಏನ್ ನೀ ಕರ್ಕಬಂದ್ಯಾ?" ಮಹದೇವಮ್ಮ ನಕ್ಕರು.

ಹೌದು, ಹೆಚ್ಚುಕಡಿಮೆ ನಾನೇ.

ಮೂರು ತಿಂಗಳ ಹಿಂದೆ, ಗೆಳೆಯ ಸಿದ್ದರಾಜು ಕೇಳಿದ ಎಂದು, ಅವರ ಹಿತ್ತಲಿಗೆ ಕ್ಯಾಮೆರಾ ಹಾಕಿಕೊಟ್ಟವನು ನಾನು. ನಿಮ್ಮ ಮನೆಯಲ್ಲೂ ಮಿಣುಕುವ ರೂಟರ್ ಇದೆಯಲ್ಲ? ಹೊರಗಿನವರಿಗೆ ಇಡೀ ಮನೆಗೆ ಒಂದೇ ವಿಳಾಸ. ಒಳಗೆ ಮಾತ್ರ ಒಂದೊಂದು ಸಾಧನಕ್ಕೆ ಒಂದೊಂದು ನಂಬರ್. ಸಿದ್ದರಾಜುವಿಗೆ ಲಾಡ್ಜಿನಲ್ಲಿ ನೈಟ್ ಡ್ಯೂಟಿ; ಬೆಳಿಗ್ಗೆ ಅಲ್ಲಿಂದಲೇ ಫೋನಿನಲ್ಲಿ ಹಿತ್ತಲು ನೋಡಿ ಅವ್ವನಿಗೆ ಹೇಳುತ್ತಿದ್ದ. ಅವನ ಫೋನ್ ಚಿತ್ರ ಕೇಳಿದಾಗ ಹತ್ತನೇ ನಂಬರಿಗೆ ದಾಟಿಸು ಎಂದು ರೂಟರಿನಲ್ಲಿ ಬರೆದಿಟ್ಟಿದ್ದೆ. ಹತ್ತು ಎಂದರೆ ಕ್ಯಾಮೆರಾ. ಆದರೆ ಆ ಹತ್ತು ಬೇರೆ ಯಾರಿಗೂ ಸಿಗದಂತೆ ಕಾಯ್ದಿರಿಸಬೇಕಿತ್ತು. ಮರೆತೆ. (ಮರೆತೆನೇ? "ಇಷ್ಟು ಸಾಕು" ಅಂದುಕೊಂಡೆ. ನಿಜ ಹೇಳಬೇಕಲ್ಲ.)

ಹಿಂದಿನ ಸಂಜೆ ಅವರ ಹೊಸ ಟಿವಿಯನ್ನು ವೈಫೈಗೆ ಹಾಕಿಕೊಡಲು ಹೋಗಿ, ಅಲ್ಲೇ ಉಳಿದಿದ್ದೆ. ರಾತ್ರಿ ಕರೆಂಟ್ ಹೋಗಿ ಬಂತು. ಮೊದಲು ಎದ್ದು ನಂಬರ್ ಕೇಳಿದ್ದು ಟಿವಿ. ರೂಟರ್ ಹತ್ತನ್ನು ಅದಕ್ಕೇ ಕೊಟ್ಟಿತು. ಬೆಳಿಗ್ಗೆ ಸಿದ್ದರಾಜುವಿನ ಫೋನ್ ಹೋಗಿ ತಟ್ಟಿದ್ದು ಟಿವಿಯನ್ನು. ಅದೇನು ತೋರಿಸೀತು? ರಾತ್ರಿ ಅವನು ಕೊನೆಯ ಸಲ ನೋಡಿದ್ದ ಚಿತ್ರವೇ ಆಪ್‌ನಲ್ಲಿ ನಿಂತಿತ್ತು. ಖಾಲಿ ಹಿತ್ತಲು. ಮೂಲೆಯಲ್ಲಿದ್ದ ಟೈಮ್ ಅವನು ನೋಡಲಿಲ್ಲ. ನಾವು ಯಾರು ನೋಡುತ್ತೇವೆ?

ಕ್ಯಾಮೆರಾ ಬರುವ ಮುಂಚೆ ಮಹದೇವಮ್ಮ ಕಿಟಕಿಯಲ್ಲಿ ತಟ್ಟೆ ಬಡಿಯುತ್ತಿದ್ದರು. ಆಮೇಲೆ ಸುಮ್ಮನೆ ನಿಂತು ಕಿವಿಗೊಡುತ್ತಿದ್ದರು. ಕೊಂಬೆ ಮುರಿಯುವ ಸದ್ದಿಲ್ಲ ಎಂದಾದರೆ ಮಾತ್ರ ಬಾಗಿಲು. "ಇನ್ನು ತಟ್ಟೆ ಯಾಕವ್ವ, ಊಟಕ್ಕೆ ಇಟ್ಕೊಳ್ಳಿ," ಎಂದು ಜೋಕ್ ಮಾಡಿದ್ದು ನಾನೇ.

ಈಗ ಹತ್ತನ್ನು ಕಾಯ್ದಿರಿಸಿದ್ದೇನೆ. ಆದರೂ ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ, ಕಣ್ಣ ಮುಂದೆ ಆ ಬಾಗಿಲು ತೆರೆಯುತ್ತದೆ, ಆನೆ ನಿಂತಿರುತ್ತದೆ. ಮೊನ್ನೆ ಫೋನ್ ಮಾಡಿ ಬೇಡಿಕೊಂಡೆ: "ಅವ್ವ, ಮತ್ತೆ ತಟ್ಟೆ ಬಡೀರಿ."

"ನೀ ರಿಪೇರಿ ಮಾಡ್ಬುಟ್ಟಿದ್ದೀಯಲ್ಲ, ಬುಡು ಮಗ," ಎಂದರು.

ಅವರಿಂದ ನಾನು ಕಿತ್ತುಕೊಂಡ ಆ ಭಯವನ್ನು ವಾಪಸ್ ಕೊಡುವುದು ಹೇಗೆ?