ಮೌನ ಕಾಯುವ ಜೆರ್ಮೇನ್

ಇನ್ನೂ ಬೆಳಕು ಹರಿದಿಲ್ಲ. ಸಾಂ ಗೊಂತ್ರಾಂ ಚರ್ಚಿನ ನೆಲಮಾಳಿಗೆಯಲ್ಲಿ ಜೆರ್ಮೇನ್ ಲಾವಿಗೂರ್ ಕುಕ್ಕರಗಾಲಲ್ಲಿ ಕೂತು ಬಾಯ್ಲರಿಗೆ ಬೈಯುತ್ತಿದ್ದಾರೆ.

"ಈಗ ಎಷ್ಟು ಬೇಕಾದ್ರೂ ಬಡ್ಕೋ. ಆಮೇಲೆ ಒಂದೇ ಒಂದು ಸದ್ದು ಬಂತೋ, ನೋಡ್ಕೋ ಮತ್ತೆ!"

ಹೊರಗೆ ಫೆಬ್ರವರಿಯ ಚಳಿ ಮೂಗಿನ ತುದಿ ಕೊಯ್ಯುತ್ತಿದೆ. ವಾದಕರು ಬರುವಷ್ಟರಲ್ಲಿ ಚರ್ಚು ಬೆಚ್ಚಗಾಗಬೇಕು, ರೆಕಾರ್ಡಿಂಗ್ ಶುರುವಾಗುವ ಹೊತ್ತಿಗೆ ಬಾಯ್ಲರು ಆರಿರಬೇಕು, ಗೋಡೆಗುಂಟ ಹೋಗಿರುವ ಕೊಳವೆಗಳು ಟಣಟಣ ಅನ್ನುವುದನ್ನು ನಿಲ್ಲಿಸಿರಬೇಕು. ತಡವಾಗಿ ಆರಿಸಿದರೆ ಸದ್ದು, ಬೇಗ ಆರಿಸಿದರೆ ಚೆಲ್ಲೊ ನುಡಿಸುವವನ ಬೆರಳು ಮರಗಟ್ಟುತ್ತವೆ. ಇದನ್ನು ಹದ ನೋಡಿ ಮಾಡುವುದೇ ಅರವತ್ತೆಂಟರ ಜೆರ್ಮೇನರ ದಿನದ ಮೊದಲ ಕೆಲಸ.

ಕೆನಡಾದಲ್ಲಿ ಇವತ್ತು ಬರೆಯುತ್ತಿರುವ ಸಂಗೀತ ಎಷ್ಟೋ ಸಲ ಕ್ವಿಬೆಕ್ಕಿನ ಇಂಥ ಹಳ್ಳಿ ಚರ್ಚುಗಳಲ್ಲೇ ರೆಕಾರ್ಡ್ ಆಗುತ್ತದೆ. ಕಲ್ಲಿನ ಗೋಡೆ, ಮರದ ಚಾವಣಿ, ಪಿಟೀಲಿಗೆ ಇನ್ನೇನು ಬೇಕು? ಆಲ್ಬಮ್ಮಿನ ಮೇಲೆ ವಾದಕರ ಫೋಟೊ ಇರುತ್ತದೆ, ಒಳಗೆ ರಚನೆಕಾರರ ಹೆಸರು, ಮೈಕು ಜೋಡಿಸಿದವರ ಹೆಸರು. ಜೆರ್ಮೇನರ ಹೆಸರು ಇವತ್ತಿನವರೆಗೆ ಯಾವುದರಲ್ಲೂ ಬಂದಿಲ್ಲ. ಬರಲಿಲ್ಲವೆಂದು ಅವರು ಮುಖ ಊದಿಸಿಕೊಂಡವರೂ ಅಲ್ಲ.

ಗಂಡ ರೊಸೇರ್ ಇಲ್ಲಿ ಗಂಟೆ ಬಾರಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಬೀಗದ ಕೈ ಇವರ ಸೊಂಟಕ್ಕೆ ಬಂತು. ಪೂಜೆ ತಿಂಗಳಿಗೊಂದಕ್ಕೆ ಇಳಿಯಿತು, ರೆಕಾರ್ಡಿಂಗ್ ಹೆಚ್ಚಾಯಿತು. ಹಿಮ ತಳ್ಳುವ ಟ್ರಕ್ಕಿನ ರೆಜಾನನಿಗೆ ಫೋನು ಮಾಡಿ "ಮಧ್ಯಾಹ್ನದವರೆಗೆ ಈ ಬೀದಿ ಕಡೆ ತಲೆ ಹಾಕಿದ್ರೆ ನಿನ್ನ ಕಾಲು ಮುರೀತೀನಿ" ಎಂದು ಗದರಿಸುವುದು ಇವರೇ. ಪಕ್ಕದ ಮನೆಯ ನಾಯಿಗೆ ಮೂಳೆ ಹಾಕಿ ಬಾಯಿ ಮುಚ್ಚಿಸುವುದೂ, ಕಿರುಗುಟ್ಟುವ ಬೆಂಚಿಗೆ ಸೋಪು ಉಜ್ಜುವುದೂ ಇವರೇ. ವಾದ್ಯ ಶುರುವಾದ ಮೇಲೆ ಪಕ್ಕದ ಬಾಗಿಲಲ್ಲಿ, ವಾದಕರ ಹತ್ತಿರವೇ ಒಂದು ಸ್ಟೂಲಿನ ಮೇಲೆ ಕೂರುತ್ತಾರೆ. ಕೆಮ್ಮು ಬಾರದಿರಲೆಂದು ಬಾಯಲ್ಲೊಂದು ಗುಲಾಬಿ ಬಣ್ಣದ ಪೆಪ್ಪರಮೆಂಟು. ಅದು ಈ ಊರಿನ ಅಜ್ಜಿಯರ ಕಾಲದ ಉಪಾಯ. ಪ್ರವಚನದ ಹೊತ್ತಿನಲ್ಲಿ ಇಡೀ ಊರೇ ಅದನ್ನು ಚೀಪುತ್ತ ಬೆಳೆದಿದೆ.

ಇನ್ನೊಂದು ಕೆಲಸವಿದೆ, ಎಲ್ಲಕ್ಕಿಂತ ದೊಡ್ಡದು. ಕೊನೆಯ ಸ್ವರ ನಿಂತ ಮೇಲೂ ದನಿ ಚಾವಣಿಯಲ್ಲಿ ಸುತ್ತಾಡುತ್ತಿರುತ್ತದೆ. ಅದು ಪೂರ್ತಿ ಆರುವವರೆಗೆ ಯಾರೂ ಮಿಸುಕುವಂತಿಲ್ಲ. ಜೆರ್ಮೇನ್ ಎತ್ತಿದ ಕೈ ಇಳಿಸಬೇಕು, ಆಮೇಲೆಯೇ ವಾದಕರ ಕೈಯ ಕಮಾನುಗಳು ಇಳಿಯಬೇಕು. ದೊಡ್ಡ ದೊಡ್ಡ ವಾದಕರೂ ಇಲ್ಲಿ ಈ ಕಟ್ಟಳೆಗೆ ತಲೆಬಾಗುತ್ತಾರೆ.

ಅಂಥ ತಮ್ಮ ಕಿವಿಯ ಮೇಲೆಯೇ ಈ ವಾರ ಜೆರ್ಮೇನರಿಗೆ ಅನುಮಾನ ಹುಟ್ಟಿದೆ.

ವಿನಿಪೆಗ್‌ನಿಂದ ಬಂದ ನಾಲ್ವರು ಹೊಸ ಕೃತಿಯೊಂದನ್ನು ರೆಕಾರ್ಡ್ ಮಾಡುತ್ತಿದ್ದಾರೆ. ಅದರ ಕೊನೆ ಎಷ್ಟು ಮೆಲ್ಲಗಿದೆಯೆಂದರೆ, ನುಡಿಸುತ್ತಿದ್ದಾರೋ ನಿಲ್ಲಿಸಿದರೋ ತಿಳಿಯದು. ಅಲ್ಲೇ ಬರುತ್ತದೆ ಆ ಹಾಳು ಸದ್ದು.

"ಮತ್ತೆ ಅದೇ ಟಕ್!" ಒಳಕೋಣೆಯಲ್ಲಿ ಹೆಡ್‌ಫೋನು ಹಾಕಿಕೊಂಡು ಕೂತ ಒಡಿಲ್ ಸ್ಪೀಕರಿನಲ್ಲಿ ಗೋಳಾಡುತ್ತಾಳೆ. ರೆಕಾರ್ಡಿಂಗಿನ ಉಸ್ತುವಾರಿ ಅವಳದು. "ಗಡಿಯಾರದ ಥರ ಇದೆ, ಆದ್ರೆ ತಾಳ ಇಲ್ಲ."

"ನಂಗೂ ಕೇಳಿಸ್ತು," ಎನ್ನುತ್ತಾನೆ ಚೆಲ್ಲೊದ ಬೆರ್ಟ್ರಾಂ. ಉಳಿದ ಮೂವರೂ ಹೌದೆಂದು ತಲೆಯಾಡಿಸುತ್ತಾರೆ. ಕೇಳಿಸದೆ ಇರುವುದು ಜೆರ್ಮೇನರಿಗೆ ಮಾತ್ರ. ಅವರ ಅಕ್ಕ ಇದೇ ವಯಸ್ಸಿನಲ್ಲಿ ಕಿವುಡಿಯಾದವಳು.

ಬಾಯಲ್ಲಿದ್ದುದನ್ನು ಕರವಸ್ತ್ರಕ್ಕೆ ಉಗಿದು ಎದ್ದೇಳುತ್ತಾರೆ. "ಬಾಯಿ ಖಾಲಿ ಇದ್ರೇನೇ ಕಿವಿ ಬಿಚ್ಚೋದು," ಎನ್ನುವುದು ಅವರ ಪದ್ಧತಿ. ಕೊಳವೆ, ಕಿಟಕಿ, ದೀಪ, ಬೆಂಚು, ಒಂದೊಂದಕ್ಕೂ ಕಿವಿಗೊಟ್ಟು ಬರುತ್ತಾರೆ. ಎಲ್ಲರೂ ಉಸಿರು ಬಿಗಿಹಿಡಿದು ಆಲಿಸುತ್ತಾರೆ. ಹುಡುಕುವಾಗ ಸದ್ದಿಲ್ಲ. ನುಡಿಸಲು ಶುರು ಮಾಡಿದರೆ ಮತ್ತೆ ಹಾಜರ್.

ಇವತ್ತು ಕಡೆಯ ದಿನ. ಮೊದಲ ಟೇಕಿನಲ್ಲೂ ಅದೇ ಟಕ್. ಜೆರ್ಮೇನ್ ನೇರ ಒಡಿಲ್ ಹತ್ತಿರ ಹೋಗುತ್ತಾರೆ.

"ಮಗಳೇ, ಸುಮ್ನೆ ಎಷ್ಟು ದಿನ ಮುಚ್ಚಿಡ್ಲಿ? ನಿಮ್ಗೆಲ್ಲ ಕೇಳೋದು ನಂಗೆ ಕೇಳ್ತಿಲ್ಲ. ನನ್ನ ಕಿವಿ ಕೆಲಸ ಮುಗೀತು. ನಾನು ಹೊರಗೆ ನಿಂತು ಗಾಡಿ ಬರದ ಹಾಗೆ ನೋಡ್ಕೋತೀನಿ. ಕೈ ಇಳಿಸೋದಕ್ಕೆ ಇನ್ಯಾರನ್ನಾದ್ರೂ ಕೂರಿಸ್ಕೊ."

"ಏನ್ ಮಾತು ಅಂತ ಆಡ್ತೀರಿ ಮದಾಂ ಜೆರ್ಮೇನ್!"

ಅವರು ಕೋಟು ತೊಟ್ಟು, ಹೊಸ ಪೆಪ್ಪರಮೆಂಟೊಂದನ್ನು ಬಾಯಿಗೆಸೆದುಕೊಂಡು ಹೊರಟೇಬಿಡುತ್ತಾರೆ. ಹಿಮ ಕಟ್ಟಿದ ಮೆಟ್ಟಿಲ ಮೇಲೆ ಒಬ್ಬರೇ ನಿಂತು, ಬೀಗದ ಕೈಯನ್ನು ಯಾರಿಗೆ ಕೊಡುವುದೆಂದು ಯೋಚಿಸುತ್ತಾರೆ. ಕಣ್ಣು ತುಂಬಿ ಬರುತ್ತದೆ.

ಬಾಗಿಲು ದಡಾರನೆ ತೆರೆಯುತ್ತದೆ. ಕೋಟೂ ಇಲ್ಲದೆ ಒಡಿಲ್ ಓಡಿ ಬಂದಿದ್ದಾಳೆ.

"ಏನ್ ಮಾಡಿದ್ರಿ? ಈ ಟೇಕಲ್ಲಿ ಒಂದೇ ಒಂದು ಟಕ್ ಇಲ್ಲ!"

"ನಾನೇನ್ ಮಾಡ್ಲಿ? ಇಲ್ಲೇ ನಿಂತಿದ್ದೆ," ಎಂದು ಮೂಗೊರೆಸಿಕೊಂಡ ಜೆರ್ಮೇನ್ ಪೆಪ್ಪರಮೆಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸುತ್ತಾರೆ.

ಟಕ್.

ಇಬ್ಬರೂ ಕಣ್ಣು ಕಣ್ಣು ಬಿಡುತ್ತಾರೆ. ಕ್ರಿಸ್‌ಮಸ್ ಕಳೆದ ಮೇಲೆ ಕಟ್ಟಿಸಿದ ಹೊಸ ಹಲ್ಲಿನ ಸೆಟ್ಟು! ಹಳೆಯ ಹಲ್ಲಿನ ಕಾಲದಲ್ಲಿ ಈ ಚೀಪುವಿಕೆಗೆ ಸದ್ದೆಂಬುದೇ ಇರಲಿಲ್ಲ.

"ಕೇಳ್ತಿದೆ!" ಜೆರ್ಮೇನ್ ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. "ಮಗಳೇ, ನಂಗೂ ಕೇಳ್ತಿದೆ! ನನ್ನ ಬಾಯೊಳಗಿನ ಸದ್ದಲ್ವಾ, ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ಥೂ, ಮುದುಕಿ! ಕಳ್ಳನನ್ನ ಬಾಯಲ್ಲಿಟ್ಕೊಂಡು ಊರೆಲ್ಲ ಹುಡುಕಿದ್ದಾಯ್ತು!"

ನಕ್ಕೂ ನಕ್ಕೂ ಮೆಟ್ಟಿಲ ಮೇಲೇ ಕೂತುಬಿಡುತ್ತಾರೆ. ಹೋದ ಜೀವ ಬಂದಂತಾಗಿದೆ.

"ನಗೋದು ಆಮೇಲೆ, ಒಳಗೆ ಬನ್ನಿ," ಒಡಿಲ್ ನಡುಗುತ್ತ ಕೈಹಿಡಿದು ಎಬ್ಬಿಸುತ್ತಾಳೆ. "ಟಕ್ ಹೋಯ್ತು ನಿಜ, ಆದ್ರೆ ಬೆರ್ಟ್ರಾಂ ಬೇಗ ಕಮಾನು ಇಳಿಸಿ ಕೊನೇನೇ ಹಾಳು ಮಾಡ್ದ. ನಿಮ್ಮ ಕೈ ಇರ್ಲಿಲ್ವಲ್ಲ."

ಜೆರ್ಮೇನ್ ಪೆಪ್ಪರಮೆಂಟನ್ನು ಹಿಮಕ್ಕೆ ಉಗಿದು ಒಳಗೆ ಬರುತ್ತಾರೆ. ಸ್ಟೂಲಿನ ಮೇಲೆ ಕೂತು, ಕೊನೆಯ ಭಾಗ ಬಂದಾಗ ಕೈ ಎತ್ತುತ್ತಾರೆ. ಕೃತಿ ಮೆಲ್ಲಮೆಲ್ಲಗೆ ಮುಗಿಯುತ್ತದೆ. ಮುಗಿಯಿತೆಂದು ಬೆರ್ಟ್ರಾಂ ಇತ್ತ ನೋಡುತ್ತಾನೆ. ಕೈ ಇಳಿದಿಲ್ಲ. ಜೆರ್ಮೇನ್ ಚಾವಣಿಯತ್ತ ಮುಖವೆತ್ತಿ, ಬಾಯಿ ಅರೆತೆರೆದು ಕೂತಿದ್ದಾರೆ. ಆಮೇಲೆ ಕೈ ನಿಧಾನವಾಗಿ ತೊಡೆಗೆ ಇಳಿಯುತ್ತದೆ. ಸ್ಪೀಕರಿನಲ್ಲಿ ಒಡಿಲ್ ಉಸ್ಸಪ್ಪಾ ಎನ್ನುವುದು ಎಲ್ಲರಿಗೂ ಕೇಳಿಸುತ್ತದೆ.

ಈ ಸಲವಾದರೂ ಆಲ್ಬಮ್ಮಿನಲ್ಲಿ ಹೆಸರು ಹಾಕಲೇ ಎಂದು ಅವಳು ಕೇಳಿದರೆ ಜೆರ್ಮೇನ್ ಬೇಡವೆಂದು ತಲೆಯಾಡಿಸಿಬಿಡುತ್ತಾರೆ.

"ಹೆಸರು ಗಿಸರು ಯಾಕೆ? ಕೊನೇಲಿ ಸುಮ್ನಿರೋ ಹೊತ್ತು ಇದೆಯಲ್ಲ, ಅದನ್ನ ಮಾತ್ರ ಕತ್ತರಿಸ್ಬೇಡ. ಅಷ್ಟು ನಂದು."