ಕಡಾ ತಂದ ಕುರ್ಚಿ ಮತ್ತು ಹದಿನಾಲ್ಕು ತಿಂಗಳ ಅಪೀಲು

ಉಪ್ಪಿಟ್ಟು ತಿನ್ನಿಸಿ ಪಿಂಚಣಿ ಕಳೆದುಕೊಂಡವರನ್ನು ನೋಡಿದ್ದೀರಾ? ಲಕ್ಷ್ಮೇಶ್ವರಕ್ಕೆ ಬನ್ನಿ, ನಮ್ಮ ನೀಲವ್ವ ಚಿಗವ್ವನನ್ನು ತೋರಿಸುತ್ತೇನೆ.

ಚಿಗವ್ವ ನಮ್ಮವ್ವನ ತಂಗಿ. ಮಕ್ಕಳಿಲ್ಲ. ಕಾಕಾ ತೀರಿಕೊಂಡು ಬಹಳ ವರ್ಷವಾಯಿತು. ಒಂದೇ ಕೋಣೆಯ ಮನೆ, ಕೌದಿ ಹೊಲಿಯುವ ಕೆಲಸ, ತಿಂಗಳಿಗೊಮ್ಮೆ ವಿಧವಾ ವೇತನ (ಅವಳ ಬಾಯಲ್ಲಿ ಅದು ‘ಪಗಾರ’). ಬಿಪಿ ಮಾತ್ರೆ ಬರುವುದು ಆ ಪಗಾರದಿಂದಲೇ. ನಾನು ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ.

ಪಿಂಚಣಿ ಪರಿಶೀಲನೆಗೆ ಸಾಹೇಬರೊಬ್ಬರು ಬರುತ್ತಾರೆಂಬ ಖಬರು ಹಿಂದಿನ ದಿನವೇ ಬಂದಿತ್ತು. ಮನೆಗೆ ಬಂದವರನ್ನು ಬರಿ ನೆಲದ ಮೇಲೆ ಕೂರಿಸುವುದುಂಟೇ? ಚಿಗವ್ವ ಪಕ್ಕದ ಮನೆಯ ಮಾಬೂಬಿಯಿಂದ ಎರಡು ಮೆತ್ತನೆಯ ಕುರ್ಚಿ, ಟೇಬಲ್ ಫ್ಯಾನ್, ಹೂವಿನ ಚಿತ್ತಾರದ ಕಪ್ಪು-ಬಸಿ ಕಡಾ ತಂದಳು. ಉಪ್ಪಿಟ್ಟು, ಮಿರ್ಚಿ ಭಜಿ, ಚಹಾ. ಸಾಹೇಬರು ಹೊಟ್ಟೆ ತುಂಬ ತಿಂದು, ಫ್ಯಾನಿನ ಗಾಳಿಯಲ್ಲಿ ಕುಳಿತು ವರದಿ ಬರೆದರು: ಕುಟುಂಬ ಅನುಕೂಲಸ್ಥ.

ಪಗಾರ ಬಂದ್.

ನಾನು ಮೇಲಿನ ಕಚೇರಿಗೆ ಅಪೀಲು ಬರೆದೆ. ಒಂದೆರಡು ತಿಂಗಳ ಮಾತು ಅಂದುಕೊಂಡಿದ್ದೆ (ಈ ವಯಸ್ಸಿಗೆ ಇಷ್ಟು ಮುಗ್ಧತೆ ಸಲ್ಲದು). ಒಮ್ಮೆ ಮೀಟಿಂಗ್, ಒಮ್ಮೆ ಎಲೆಕ್ಷನ್ ಡ್ಯೂಟಿ, ಒಮ್ಮೆ ಫೈಲೇ ಇಲ್ಲ. ಪ್ರತಿ ಸಲ ಬಸ್ಸು, ಪ್ರತಿ ಸಲ ಮುಂದಿನ ತಾರೀಖು. ಹೀಗೆ ಹದಿನಾಲ್ಕು ತಿಂಗಳು.

ಖರೆ ಹೇಳಬೇಕೆಂದರೆ ಚಿಗವ್ವನ ಮೇಲೂ ನನಗೆ ಸಿಟ್ಟಿತ್ತು. ಅಪೀಲಿನಲ್ಲಿ ಕುರ್ಚಿಯ ವಿಷಯ ಬರೆಯಲು ಅವಳು ಬಿಡಲೇ ಇಲ್ಲ.

“ಕುಂಡ್ರಿಸಿ, ತಿನ್ನಾಕ ಕೊಟ್ಟು, ಆಮ್ಯಾಲ ಕುರ್ಚಿ ಕಡಾ ತಂದಿದ್ದೆ ಅಂದ್ರ, ಬಂದಾವ್ರ ಮನಸಿಗೆ ಹೆಂಗ ಅನಸತೈತಿ?”

ಹಣೆ ಹಣೆ ಬಡಿದುಕೊಂಡೆ. ಅವರ ಮನಸ್ಸಿನ ಚಿಂತೆ ಇವಳಿಗೆ!

ಕಳೆದ ವಾರ ಅಂತೂ ವಿಚಾರಣೆ ನಡೆಯಿತು. ಈ ಸಲ ಮಾಬೂಬಿಯೂ ನಮ್ಮ ಜೊತೆ ಬಸ್ಸು ಹತ್ತಿದ್ದಳು. ಕಚೇರಿಗೆ ಹೊಸದಾಗಿ ಬಂದ ಅಧಿಕಾರಿ ಮೇಡಂ ವರದಿ ಓದಿ, ಮನೆಯಲ್ಲಿ ಫ್ಯಾನು, ಕುರ್ಚಿ ಎಲ್ಲ ಇವೆಯಲ್ಲ ಎಂದರು. ಚಿಗವ್ವ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಮಾಬೂಬಿ ಮುಂದೆ ಬಂದಳು.

“ಅವು ನಮ್ಮ ಮನೀವ್ರಿ. ಅವತ್ತ ಸಂಜಿಗೇ ನಾನ ವಾಪಸ್ ಒಯ್ದೀನ್ರಿ. ಈಕಿ ಮನ್ಯಾಗ ಒಂದು ಚಾಪಿ, ಒಂದು ಟ್ರಂಕ್ ಐತ್ರಿ. ಬೇಕಾದ್ರ ಖಬರ ಕೊಡದ ಬಂದು ನೋಡ್ರಿ.”

ಮೇಡಂ ನಕ್ಕರು. ಇನ್ನೆರಡು ಪ್ರಶ್ನೆ ಕೇಳಿದರು. ಪಿಂಚಣಿ ಮತ್ತೆ ಶುರು ಮಾಡುವಂತೆ ಬರೆದು ಸಹಿ ಹಾಕಿದರು. ಎಲ್ಲ ಸೇರಿ ಐದು ನಿಮಿಷ. ಹೊರಗೆ ಬಂದು ಚಿಗವ್ವ ಮಾಬೂಬಿಯ ಕೈ ಹಿಡಿದು ಅತ್ತಳು. ನಾನೂ ಅತ್ತೆ (ಕಣ್ಣಿಗೆ ಧೂಳು ಬಿತ್ತೆಂದು ನೆಪ ಹೇಳುವುದಿಲ್ಲ). ಅಷ್ಟು ಹಗುರಾಗಿತ್ತು ಜೀವ.

ಅಲ್ಲಿಂದ ಮೆಡಿಕಲ್ ಶಾಪಿಗೆ ಹೋದೆವು. ಮಾತ್ರೆ ಬಿಡದೆ ತಗೋತೀರಲ್ರಿ ಎಂದು ಅಂಗಡಿಯವರು ಕೇಳಿದಾಗಲೇ ವಿಷಯ ಹೊರಬಿದ್ದದ್ದು. ಪಗಾರ ನಿಂತಾಗಿನಿಂದ ಚಿಗವ್ವ ದಿನ ಬಿಟ್ಟು ದಿನ ನುಂಗುತ್ತಿದ್ದಳಂತೆ. ನನಗೊಂದು ಮಾತು ಹೇಳಿರಲಿಲ್ಲ. ನೇರ ಡಾಕ್ಟರ ಹತ್ತಿರ ಕರೆದೊಯ್ದೆ. ಸ್ವಲ್ಪ ಏರಿದೆ, ಗಾಬರಿಯಾಗುವಂಥದ್ದೇನಿಲ್ಲ, ಇನ್ನು ತಪ್ಪಿಸಬೇಡಿ ಎಂದರು. ಬಚಾವಾದೆವು.

ಕಚೇರಿಯೇನೋ ಮುಂದಿನ ತಾರೀಖು ಕೊಡುತ್ತದೆ, ಬಿಪಿ ಒಪ್ಪಬೇಕಲ್ಲ?